ಮನೆಯ ಮಾತು: ಚಿಮ್ನಿಯ ಸದ್ದು ಎಲ್ಲಿ ಹುಟ್ಟುತ್ತದೆ?

ಪ್ರಶ್ನೆ: ಬಳ್ಳಾರಿಯ ಹಳೆಯ ಬಡಾವಣೆಯೊಂದರಲ್ಲಿ ನಮ್ಮದು ಎರಡು ಕೋಣೆಯ ಸ್ವಂತ ಮನೆ. ಅಡುಗೆಮನೆ ಎಂಟು ಅಡಿ ಉದ್ದ, ಏಳು ಅಡಿ ಅಗಲ, ಹತ್ತು ಅಡಿ ಎತ್ತರವಿದ್ದು, ಪಡಸಾಲೆಗೂ ಅದಕ್ಕೂ ನಡುವೆ ಬಾಗಿಲಿಲ್ಲ. ಪಕ್ಕದಲ್ಲೇ ಬಚ್ಚಲುಮನೆ, ಅಲ್ಲಿ ಗ್ಯಾಸ್ ಗೀಸರ್ ಇದೆ. ಬೆಳಿಗ್ಗೆ ಒಂದು ತಾಸು ಜೋಳದ ರೊಟ್ಟಿ, ಎರಡು ಹೊತ್ತು ಒಣಮೆಣಸಿನಕಾಯಿಯ ಒಗ್ಗರಣೆ, ವಾರಕ್ಕೊಮ್ಮೆ ಮಿರ್ಚಿ ತಪ್ಪುವುದಿಲ್ಲ. ಅತ್ತೆಯವರಿಗೆ ಉಬ್ಬಸವಿರುವುದರಿಂದ ಘಾಟು ಆಗುವುದಿಲ್ಲ. ಮಗಳು ಎರಡನೇ ಪಿಯುಸಿ, ಪಡಸಾಲೆಯಲ್ಲೇ ಕುಳಿತು ಓದುತ್ತಾಳೆ. ಚಿಮ್ನಿ ಹಾಕಿಸೋಣವೆಂದರೆ, ತಂಗಿಯ ಮನೆಯ ಚಿಮ್ನಿಯ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ 1400ರದ್ದು ತೆಗೆದುಕೊಳ್ಳಿ ಎನ್ನುತ್ತಾರೆಯೇ ಹೊರತು ಸದ್ದಿನ ಬಗ್ಗೆ ಯಾರೂ ಹೇಳುವುದಿಲ್ಲ. ಸದ್ದು ಕಡಿಮೆ ಇರುವ ಚಿಮ್ನಿಯನ್ನು ಆರಿಸುವುದು ಹೇಗೆ?
— ಗೃಹಿಣಿಯೊಬ್ಬರು, ಬಳ್ಳಾರಿ

ಉತ್ತರ: ನಮ್ಮ ಕಡೆಯ ಹಿರಿಯರಿಗೆ ಚಿಮಣಿ ಎಂದರೆ ಇಂದಿಗೂ ಸೀಮೆಎಣ್ಣೆಯ ಪುಟ್ಟ ದೀಪವೇ. ಆ ಚಿಮಣಿ ಹೊಗೆ ಬಿಡುತ್ತಿತ್ತು, ಈ ಚಿಮ್ನಿ ಹೊಗೆ ಎಳೆಯುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿಯೊಂದನ್ನು ಬಿಟ್ಟಿರುತ್ತಿದ್ದರು. ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಬೀಳುತ್ತಿದ್ದುದರಿಂದ ಕರೆಂಟೂ ಬೇಕಿರಲಿಲ್ಲ, ಸದ್ದೂ ಇರಲಿಲ್ಲ. ಆರ್‌ಸಿಸಿ ಸ್ಲ್ಯಾಬ್ ಬಂದ ಮೇಲೆ ಆ ದಾರಿ ಮುಚ್ಚಿತು. ಈಗ ಗಾಳಿಯನ್ನು ಅಡ್ಡದಾರಿಯಲ್ಲಿ ಎಳೆದು ಹೊರಹಾಕಬೇಕಾಗಿದೆ, ಮತ್ತು ಆ ದಾರಿ ಎಷ್ಟು ಇಕ್ಕಟ್ಟಾಗಿದೆ ಎಂಬುದರ ಮೇಲೆಯೇ ಸದ್ದಿನ ಹೆಚ್ಚುಪಾಲು ನಿಂತಿದೆ. ಆದ್ದರಿಂದ ಯಾವ ಕಂಪನಿಯದ್ದು ಒಳ್ಳೆಯದು ಎಂದು ಕೇಳುವುದಕ್ಕಿಂತ ಮೊದಲು, ನಿಮ್ಮ ಒಲೆಯಿಂದ ಹೊರಗೋಡೆಗೆ ಪೈಪು ಹೇಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳಿ.

ನನ್ನದೇ ಮನೆಯ ಅನುಭವ ಹೇಳುತ್ತೇನೆ. ಮೊದಲ ಚಿಮ್ನಿ ತಂದಾಗ ಗೋಡೆಯಲ್ಲಿ ಮೊದಲೇ ಇದ್ದ ನಾಲ್ಕು ಇಂಚಿನ ತೂತು ಸಾಕು ಎಂದು ಜೋಡಿಸಲು ಬಂದವನು ಹೇಳಿದ, ಗೌಂಡಿಯ ಖರ್ಚು ಉಳಿಯಿತೆಂದು ನಾನೂ ತಲೆಯಾಡಿಸಿದೆ. ಯಂತ್ರದ ಬಾಯಿ ಆರು ಇಂಚು, ಗೋಡೆಯ ತೂತು ನಾಲ್ಕು ಇಂಚು. ಎರಡೇ ಇಂಚಿನ ವ್ಯತ್ಯಾಸವೆನಿಸಿದರೂ ಗಾಳಿ ಹೋಗುವ ಜಾಗ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಗಂಟೆಗೆ 600 ಘನ ಮೀಟರ್ ಗಾಳಿ ಆರು ಇಂಚಿನ ಪೈಪಿನಲ್ಲಿ ಹೋಗುವಾಗ ಅದರ ವೇಗ ಗಂಟೆಗೆ ಸುಮಾರು 34 ಕಿ.ಮೀ. ಇರುತ್ತದೆ, ಅಷ್ಟೇ ಗಾಳಿಯನ್ನು ನಾಲ್ಕು ಇಂಚಿನಲ್ಲಿ ತೂರಿಸಬೇಕಾದರೆ 76 ಕಿ.ಮೀ. ವೇಗ ಬೇಕು. ಗಾಳಿಯ ವೇಗ ಏರಿದಂತೆ ಅದರ ಮೊರೆತ ಅದಕ್ಕಿಂತಲೂ ಬೇಗ ಏರುತ್ತದೆ. ಆರು ತಿಂಗಳು ಆ ಮೊರೆತವನ್ನು ಕೇಳಿ, ಕೊನೆಗೆ ಕೋರ್ ಕಟಿಂಗ್ ಮಾಡುವವರನ್ನು ಕರೆಸಿ ಆರು ಇಂಚಿನ ತೂತು ಕೊರೆಸಿದ ಮೇಲೆ ಅದೇ ಯಂತ್ರದ ಕೆಳಗೆ ನಿಂತು ಮಾತಾಡುವಂತಾಯಿತು. ನಿಮ್ಮ ತಂಗಿಯವರ ಮನೆಯಲ್ಲೂ ಮೊದಲು ಪೈಪನ್ನು ಅಳೆದು ನೋಡಿ ಎಂಬುದು ನನ್ನ ಸಲಹೆ.

ಪೈಪಿನ ಅಗಲದಷ್ಟೇ ಅದರ ಮೈಯೂ ಮುಖ್ಯ. ಚಿಮ್ನಿಯ ಜೊತೆಗೆ ಸಾಮಾನ್ಯವಾಗಿ ಕೊಡುವ, ಎಳೆದರೆ ಹಿಗ್ಗುವ ಅಲ್ಯೂಮಿನಿಯಂ ಪೈಪಿನ ಒಳಮೈ ನೆರಿಗೆ ನೆರಿಗೆಯಾಗಿದ್ದು, ಪ್ರತಿ ನೆರಿಗೆಗೂ ಗಾಳಿ ಬಡಿದು ಸದ್ದು ಮಾಡುತ್ತದೆ, ಜಿಡ್ಡೂ ಅಲ್ಲೇ ಕೂರುತ್ತದೆ. ಅದನ್ನೇ ಬಳಸುವುದಾದರೆ ಪೂರ್ತಿ ಎಳೆದು ನೆಟ್ಟಗೆ ಮಾಡಿ, ಉಳಿದದ್ದನ್ನು ಕತ್ತರಿಸಿ ತೆಗೆಯಬೇಕು. ಉಳಿದ ಪೈಪನ್ನು ಹಾವಿನಂತೆ ಸುತ್ತಿ ಡಬ್ಬಿಯೊಳಗೆ ತುರುಕಿ ಹೋಗುವವರೇ ಹೆಚ್ಚು. ಅದಕ್ಕಿಂತ ನುಣುಪಾದ ಒಳಮೈಯ ಗಟ್ಟಿ ಪೈಪು ಉತ್ತಮ. ತಿರುವುಗಳು ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ. ತಿರುಗಿಸಲೇಬೇಕಾದರೆ ಮೂಲೆಮಟ್ಟದ ಒಂದು ಕಡಿದಾದ ತಿರುವಿನ ಬದಲು 45 ಡಿಗ್ರಿಯ ಎರಡು ಸೌಮ್ಯ ತಿರುವುಗಳನ್ನು ಹಾಕಿಸಬಹುದು. ಒಟ್ಟು ಉದ್ದ ಹತ್ತು ಅಡಿಯೊಳಗೆ ಮುಗಿಯುವಂತಿದ್ದರೆ ಒಳ್ಳೆಯದು. ಒಲೆ ಹೊರಗೋಡೆಗೆ ತಾಗಿಲ್ಲದಿದ್ದರೆ, ಚಿಮ್ನಿಗಾಗಿ ಪೈಪನ್ನು ಉದ್ದ ಮಾಡುವುದಕ್ಕಿಂತ ಒಲೆಯನ್ನೇ ಹೊರಗೋಡೆಯ ಕಡೆಗೆ ಸರಿಸಲು ಸಾಧ್ಯವೇ ಎಂದು ನೋಡಿ. ಅಡುಗೆಕಟ್ಟೆಯ ಮೇಲೆ ಒಲೆಯನ್ನು ಎರಡು ಅಡಿ ಸರಿಸುವುದು ಪುಕ್ಕಟೆಯ ಕೆಲಸ.

ಇನ್ನು 1400ರ ಮಾತು. ಆ ಸಂಖ್ಯೆ ಗಂಟೆಗೆ ಎಳೆಯುವ ಗಾಳಿಯ ಘನ ಮೀಟರುಗಳನ್ನು ಹೇಳುತ್ತದೆ. ಅದು ಅತಿ ಹೆಚ್ಚು ವೇಗದಲ್ಲಿ, ಎದುರಿಗೆ ಯಾವ ಅಡೆತಡೆಯೂ ಇಲ್ಲದಿದ್ದಾಗಿನ ಅಳತೆ. ಪೈಪು, ತಿರುವು, ಜಾಲರಿ ಎಲ್ಲ ಸೇರಿದ ಮೇಲೆ ನಿಜವಾಗಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ನಿಮ್ಮ ಅಡುಗೆಮನೆಯಲ್ಲಿರುವ ಗಾಳಿ 560 ಘನ ಅಡಿ, ಅಂದರೆ ಸುಮಾರು 16 ಘನ ಮೀಟರ್. ಅಡುಗೆಮನೆಯ ಗಾಳಿ ಗಂಟೆಗೆ 10ರಿಂದ 15 ಸಲ ಬದಲಾಗಬೇಕೆಂಬುದು ರೂಢಿಯ ಲೆಕ್ಕ; ಆ ಪ್ರಕಾರ 240 ಘನ ಮೀಟರ್ ಸಾಕು. ನಮ್ಮ ಒಗ್ಗರಣೆಗೆ ಆ ಲೆಕ್ಕ ಸಾಲದು, ಅದರಲ್ಲೂ ಬ್ಯಾಡಗಿಯ ಬದಲು ಗುಂಟೂರು ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಖಂಡಿತ ಸಾಲದು ಎಂದು ಇಟ್ಟುಕೊಂಡು ಅದನ್ನು ಇಮ್ಮಡಿ ಮಾಡಿದರೂ 500ನ್ನು ದಾಟುವುದಿಲ್ಲ. ಹಾಗಾದರೆ 500ರ ಯಂತ್ರವನ್ನೇ ಕೊಳ್ಳಬೇಕೇ? ಬೇಡ. ಅದನ್ನು ಯಾವಾಗಲೂ ಪೂರ್ತಿ ವೇಗದಲ್ಲಿ ಓಡಿಸಬೇಕಾಗುತ್ತದೆ, ಸದ್ದು ಹುಟ್ಟುವುದು ಅಲ್ಲಿಯೇ. 1000ದಿಂದ 1200ರ ಯಂತ್ರವನ್ನು ಕೊಂಡು, ಅದನ್ನು ಬಹುಪಾಲು ಹೊತ್ತು ಕೆಳಗಿನ ವೇಗದಲ್ಲಿ ಓಡಿಸುವುದು ಜಾಣತನ. ಒಂದೇ ಬ್ಲೋವರಿನ, ಅಂದರೆ ಗಾಳಿ ಎಳೆಯುವ ಒಳಚಕ್ರದ, ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. 1400ರದ್ದು ತಂದರೂ ತಪ್ಪಿಲ್ಲ, ಅದರ ಮೊದಲ ವೇಗ ನಿಜಕ್ಕೂ ಮೆಲ್ಲಗಿದ್ದರೆ ಮಾತ್ರ.

ನಿಮ್ಮ ಮನೆಯ ಅಡುಗೆಗೆ ಇದು ಚೆನ್ನಾಗಿ ಹೊಂದುತ್ತದೆ. ರೊಟ್ಟಿಯದು ದೀರ್ಘ ಕೆಲಸ. ಒಂದು ತಾಸು ಉರಿ, ಬಿಸಿ, ಸ್ವಲ್ಪ ಹಿಟ್ಟಿನ ದೂಳು, ಆದರೆ ಘಾಟಿಲ್ಲ. ಅದಕ್ಕೆ ಮೊದಲ ವೇಗ ಧಾರಾಳವಾಯಿತು. ಒಗ್ಗರಣೆಯ ಘಾಟು ಮೂರ್ನಾಲ್ಕು ನಿಮಿಷದ್ದು. ಆಗ ಮಾತ್ರ ಮೇಲಿನ ವೇಗ ಬೇಕು. ಹೀಗಾಗಿ ನಿಮ್ಮ ಮಗಳ ಓದಿಗೆ ಅಡ್ಡ ಬರುವುದು ಮೂರನೆಯ ವೇಗದ ಸದ್ದಲ್ಲ, ಮೊದಲನೆಯ ವೇಗದ ಸದ್ದು. ಅಂಗಡಿಯಲ್ಲಿ ಕೇಳಬೇಕಾದದ್ದೂ ಅದನ್ನೇ. ಡಬ್ಬಿಯ ಮೇಲೆ ಅಚ್ಚಾಗಿರುವ ಡೆಸಿಬೆಲ್ ಯಾವ ವೇಗದ್ದು, ಎಷ್ಟು ದೂರದಲ್ಲಿ ಅಳೆದದ್ದು ಎಂದು ಕೈಪಿಡಿಯಲ್ಲಿ ತೋರಿಸಲು ಹೇಳಿ. ಉತ್ತರವಿಲ್ಲದಿದ್ದರೆ ಆ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎದುರು ಬದುರು ನಿಂತು ಆಡುವ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಹೋಲಿಕೆಗೆ ಅನುಕೂಲ. ಅಂಗಡಿಯಲ್ಲಿ ಹಾಕಿ ತೋರಿಸುವ ಯಂತ್ರಕ್ಕೆ ಸಾಮಾನ್ಯವಾಗಿ ಪೈಪೇ ಜೋಡಿಸಿರುವುದಿಲ್ಲ, ಸುತ್ತ ದೊಡ್ಡ ಜಾಗ, ರಸ್ತೆಯ ಗದ್ದಲ ಬೇರೆ. ಅಲ್ಲಿ ಎಲ್ಲ ಚಿಮ್ನಿಗಳೂ ಸಂಭಾವಿತವಾಗಿಯೇ ವರ್ತಿಸುತ್ತವೆ. ಗ್ರಾನೈಟು, ಟೈಲ್ಸು, ಸ್ಟೀಲು ತುಂಬಿದ ಎಂಟು ಅಡಿಯ ಕೋಣೆಯಲ್ಲಿ ಅದೇ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಇನ್ನಷ್ಟು ದೊಡ್ಡದಾಗುತ್ತದೆ.

ಈಗ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಚಿಮ್ನಿಗಳು ಬಂದಿವೆ. ಸಾಮಾನ್ಯ ಮೋಟಾರಿನ ಗುಂಯ್‌ಗುಡುವಿಕೆ ಇವುಗಳಲ್ಲಿ ಕಡಿಮೆ, ವೇಗವನ್ನು ಹೆಚ್ಚು ಹಂತಗಳಲ್ಲಿ ತಗ್ಗಿಸಬಹುದು, ಕರೆಂಟೂ ಕಡಿಮೆ ತಿನ್ನುತ್ತವೆ. ಕರೆಂಟಿನ ಉಳಿತಾಯಕ್ಕಾಗಿ ಕೊಳ್ಳಬೇಕಾಗಿಲ್ಲ. 200 ವ್ಯಾಟಿನ ಸಾಮಾನ್ಯ ಚಿಮ್ನಿಯನ್ನು ದಿನಕ್ಕೆ ಒಂದೂವರೆ ತಾಸು ಓಡಿಸಿದರೂ ತಿಂಗಳಿಗೆ ಒಂಬತ್ತು ಯೂನಿಟ್ ಅಷ್ಟೇ. ಮೊದಲ ವೇಗದ ಮೌನಕ್ಕಾಗಿ ಹೆಚ್ಚಿನ ಹಣ ಕೊಡುವ ಮನಸ್ಸಿದ್ದರೆ ಕೊಡಿ. ಆದರೆ ಆ ಹಣವನ್ನು ಅಲ್ಲಿ ಹಾಕಿ ಗೋಡೆಯ ತೂತಿನಲ್ಲಿ ಜಿಪುಣತನ ಮಾಡಿದರೆ ನಾನು ಮಾಡಿದ ತಪ್ಪನ್ನೇ ಮಾಡಿದಂತಾಗುತ್ತದೆ.

ಆಕಾರದ ವಿಷಯದಲ್ಲಿ ನನಗೊಂದು ಪಕ್ಷಪಾತವಿದೆ. ಓರೆಯಾಗಿ ನಿಲ್ಲುವ ಗಾಜಿನ ಚಿಮ್ನಿಗಳು ನೋಡಲು ಚೆಂದ, ತಲೆಗೂ ತಾಗುವುದಿಲ್ಲ. ಆದರೆ ಬೋರಲು ಹಾಕಿದ ಬುಟ್ಟಿಯಂತೆ ಒಲೆಯ ಮೇಲೆ ಚಾಚಿಕೊಂಡಿರುವ ಹಳೆಯ ಆಕಾರದ್ದು ಘಾಟನ್ನು ಒಂದು ಕ್ಷಣ ಹಿಡಿದಿಟ್ಟುಕೊಳ್ಳುವುದರಿಂದ ಕಡಿಮೆ ವೇಗದಲ್ಲೇ ಕೆಲಸ ಮುಗಿಯುತ್ತದೆ. ಎರಡು ಬರ್ನರಿನ ಒಲೆಗೆ 60 ಸೆಂ.ಮೀ. ಅಗಲ ಸಾಕು, ಒಲೆಗಿಂತ ಚಿಮ್ನಿ ಕಿರಿದಾಗಿರಬಾರದು. ಒಲೆಯಿಂದ ಅದರ ಎತ್ತರ 26ರಿಂದ 30 ಇಂಚು, ಅಂದರೆ 65ರಿಂದ 75 ಸೆಂ.ಮೀ. ಒಳಗಿರಲಿ. ಹೆಚ್ಚು ಎತ್ತರಕ್ಕೆ ಕಟ್ಟಿದರೆ ಘಾಟು ಪಕ್ಕಕ್ಕೆ ಜಾರುತ್ತದೆ, ನೀವು ವೇಗ ಏರಿಸುತ್ತೀರಿ, ಸದ್ದು ಏರುತ್ತದೆ. ಜಾಲರಿಗಳಲ್ಲಿ ಬಾಗಿದ ಸ್ಟೀಲ್ ಪಟ್ಟಿಗಳ ಬ್ಯಾಫಲ್ ಬಗೆಯದನ್ನೇ ಆರಿಸಿ. ನೇಯ್ದ ತಂತಿಯ ಜಾಲರಿಯಲ್ಲಿ ಎಣ್ಣೆಯೂ ರೊಟ್ಟಿಯ ಹಿಟ್ಟೂ ಸೇರಿ ಅಂಟಿನಂತಾಗಿ, ಗಾಳಿಯ ದಾರಿ ಕಟ್ಟಿ, ಸದ್ದು ಹೆಚ್ಚುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸದ್ದಿಗಿಂತ ಹೆಚ್ಚಾಗಿ ಗ್ಯಾಸ್ ಗೀಸರ್ ಇದೆ ಎಂಬ ಮಾತು. ಗಂಟೆಗೆ 500 ಘನ ಮೀಟರ್ ಎಳೆಯುವ ಚಿಮ್ನಿ ನಿಮ್ಮ ಅಡುಗೆಮನೆಯ ಗಾಳಿಯನ್ನೆಲ್ಲ ಎರಡೇ ನಿಮಿಷದಲ್ಲಿ ಹೊರಹಾಕುತ್ತದೆ. ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಚಳಿಯೆಂದೋ ದೂಳೆಂದೋ ಕಿಟಕಿಗಳನ್ನೆಲ್ಲ ಮುಚ್ಚಿದ್ದರೆ ಚಿಮ್ನಿ ಬಚ್ಚಲುಮನೆಯಿಂದ ಗಾಳಿಯನ್ನು ಎಳೆಯುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಸ್ನಾನಕ್ಕೆ ಹೋಗಿ ಗೀಸರ್ ಉರಿಯುತ್ತಿದ್ದರೆ, ಅದರ ಸುಟ್ಟ ಗಾಳಿ ವೆಂಟಿಲೇಟರಿನಿಂದ ಹೊರಹೋಗುವ ಬದಲು ಮನೆಯೊಳಕ್ಕೆ ತಿರುಗುತ್ತದೆ. ಅದರಲ್ಲಿರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಆದ್ದರಿಂದ ಗೀಸರನ್ನು ಬಚ್ಚಲಿನಿಂದ ಹೊರಗೆ ಬಯಲಿಗೆ ತೆರೆದ ಜಾಗಕ್ಕೆ ವರ್ಗಾಯಿಸಿ, ಇಲ್ಲವೇ ಕರೆಂಟಿನ ಗೀಸರಿಗೆ ಬದಲಾಯಿಸಿ. ಅದಾಗುವವರೆಗೆ ಎರಡನ್ನೂ ಒಟ್ಟಿಗೆ ಹಾಕಲೇಬೇಡಿ. ಚಿಮ್ನಿಯ ಖರ್ಚಿಗೆ ಇದನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ.

ಗಾಳಿ ಒಳಬರುವ ದಾರಿಗೂ ಸದ್ದಿಗೂ ನಂಟಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬ್ಲೋವರ್ ಉಸಿರು ಕಟ್ಟಿದಂತೆ ಕೀರಲು ದನಿಯಲ್ಲಿ ಓಡುತ್ತದೆ. ಪಡಸಾಲೆಯ ಕಿಟಕಿಯೊಂದನ್ನು ಅಂಗೈ ಅಗಲ ತೆರೆದಿಡಿ. ಒಲೆಯ ಪಕ್ಕದ ಕಿಟಕಿ ಬೇಡ, ಅಲ್ಲಿಂದ ಬರುವ ಗಾಳಿ ಘಾಟನ್ನು ಚಿಮ್ನಿಯ ಬಾಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಸದ್ದು ಪಡಸಾಲೆಗೆ ಬಾರದಿರಲು ನಡುವೆ ಬಾಗಿಲು ಹಾಕಿಸಬಹುದು, ಕೆಳಗೆ ಎರಡು ಇಂಚು ಸಂದು ಬಿಟ್ಟರಾಯಿತು. ಪರದೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಜೋಡಿಸುವ ದಿನ ನೀವು ಅಲ್ಲೇ ನಿಂತಿರಿ. ಗೋಡೆಗೂ ಯಂತ್ರಕ್ಕೂ ನಡುವೆ ರಬ್ಬರ್ ವಾಷರ್ ಹಾಕಿಸಿ, ಪೈಪಿನ ಸಂದುಗಳಿಗೆ ಅಲ್ಯೂಮಿನಿಯಂ ಟೇಪು ಸುತ್ತಿಸಿ. ಎಲ್ಲ ಮುಗಿದ ಮೇಲೆ ಒಂದು ಸಲ ಪೈಪನ್ನು ಮೇಲಿನಿಂದ ಬಿಚ್ಚಿಸಿ ಯಂತ್ರವನ್ನು ಹಾಕಿ ನೋಡಿ: ಸದ್ದು ತಟ್ಟನೆ ಇಳಿದರೆ ತಪ್ಪು ಪೈಪಿನದು, ಇಳಿಯದಿದ್ದರೆ ಯಂತ್ರದ್ದು. ಕೆಲಸದವರು ಹೊರಡುವ ಮುಂಚೆಯೇ ಇದು ಗೊತ್ತಾಗಬೇಕು. ಬಳಸುವಾಗ ಎಣ್ಣೆ ಕಾಯಲು ಇಡುವುದಕ್ಕೂ ಮೊದಲೇ ಮೊದಲ ವೇಗದಲ್ಲಿ ಹಾಕಿಬಿಡಿ. ಘಾಟು ಎದ್ದ ಮೇಲೆ ಅದನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಮೂರನೆಯ ವೇಗವೂ ಸಾಲುವುದಿಲ್ಲ, ಅತ್ತೆಯವರ ಕೆಮ್ಮೂ ನಿಲ್ಲುವುದಿಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಗೋಡೆಗೆ ತೂತು ಹಾಕಲು ಮಾಲೀಕರು ಒಪ್ಪುವುದಿಲ್ಲ. ಪೈಪೇ ಬೇಡದ, ಇದ್ದಿಲಿನ ಫಿಲ್ಟರಿರುವ ಚಿಮ್ನಿಗಳಿವೆಯಂತೆ. ಅವುಗಳ ಸದ್ದೂ ಕಡಿಮೆಯೇ?
— ಶಿಕ್ಷಕರೊಬ್ಬರು, ರಾಯಚೂರು

ಉತ್ತರ: ಇಲ್ಲ. ಇದ್ದಿಲಿನ ಪದರದ ಮೂಲಕ ಗಾಳಿಯನ್ನು ನುಗ್ಗಿಸಬೇಕಾದ್ದರಿಂದ ಬ್ಲೋವರಿಗೆ ಶ್ರಮ ಹೆಚ್ಚು, ಮತ್ತು ಆ ಗಾಳಿ ನಿಮ್ಮ ತಲೆಯ ಮೇಲೆಯೇ ಹೊರಬರುವುದರಿಂದ ಸದ್ದೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದ್ದಿಲು ವಾಸನೆಯನ್ನು ಸ್ವಲ್ಪ ಹೀರುತ್ತದೆಯೇ ಹೊರತು ಶಾಖವನ್ನಾಗಲಿ ಉಗಿಯನ್ನಾಗಲಿ ಹೀರುವುದಿಲ್ಲ. ಹೊರಗೆ ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಒಲೆಯ ಬಿಸಿಯನ್ನು ಮತ್ತೆ ಕೋಣೆಗೇ ಬಿಡುವ ಯಂತ್ರಕ್ಕೆ ಹಣ ಕೊಡಿ ಎಂದು ನಾನು ಹೇಳಲಾರೆ. ಕೆಲವು ತಿಂಗಳಿಗೊಮ್ಮೆ ಇದ್ದಿಲನ್ನು ಬದಲಿಸುವ ಖರ್ಚು ಬೇರೆ.

ಗೋಡೆಗೆ ಕೈಹಚ್ಚದೆ ಇರುವ ದಾರಿ ಕಿಟಕಿಯದು. ಕಿಟಕಿಯ ಒಂದು ಗಾಜನ್ನು ಜೋಪಾನವಾಗಿ ತೆಗೆದಿಟ್ಟು, ಆ ಜಾಗಕ್ಕೆ ಆರು ಇಂಚಿನ ತೂತಿರುವ ಅಲ್ಯೂಮಿನಿಯಂ ಹಾಳೆಯನ್ನು ಕೂರಿಸಿ ಪೈಪನ್ನು ಹೊರಬಿಡಬಹುದು. ಮನೆ ಬಿಡುವಾಗ ಗಾಜನ್ನು ಮರಳಿ ಹಾಕಿದರೆ ಮಾಲೀಕರಿಗೂ ತಕರಾರಿರುವುದಿಲ್ಲ. ಕಿಟಕಿಯ ಸರಳುಗಳು ಅಡ್ಡ ಬಂದರೆ ಚಿಮ್ನಿಯ ಆಸೆ ಬಿಟ್ಟು, ಒಲೆಗೆ ಹತ್ತಿರದ ವೆಂಟಿಲೇಟರಿನಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಅದರಲ್ಲೂ ಸದ್ದಿನ ಗುಟ್ಟು ಒಂದೇ: 12 ಇಂಚಿನ ಫ್ಯಾನುಗಳು ನಿಮಿಷಕ್ಕೆ 1400 ಸುತ್ತಿನವು, 900 ಸುತ್ತಿನವು ಎಂದು ಎರಡು ಬಗೆಯಲ್ಲಿ ಸಿಗುತ್ತವೆ, ಜಾಗವಿದ್ದರೆ 900ರದ್ದನ್ನೇ ಕೇಳಿ ತನ್ನಿ. ಅಂಗಡಿಯವರು ಸಾಮಾನ್ಯವಾಗಿ ವೇಗದ್ದನ್ನೇ ಮುಂದಿಡುತ್ತಾರೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಹಾಕಿಸಿದ ಆಟೋ ಕ್ಲೀನ್ ಚಿಮ್ನಿ ಈಗ ಗರಗರ ಎನ್ನುತ್ತದೆ. ಆಷಾಢದಲ್ಲಂತೂ ಬಂದ್ ಮಾಡಿದ ಮೇಲೂ ರಾತ್ರಿಯೆಲ್ಲ ಟಕ್ ಟಕ್ ಎಂಬ ಸದ್ದು. ಹೊಸದನ್ನೇ ಕೊಳ್ಳಬೇಕೇ?
— ನಿವೃತ್ತ ನೌಕರರು, ಕೊಪ್ಪಳ

ಉತ್ತರ: ತಮ್ಮದು ಎರಡು ಬೇರೆ ಬೇರೆ ಸದ್ದುಗಳು. ರಾತ್ರಿಯ ಟಕ್ ಟಕ್ ಸದ್ದು ಯಂತ್ರದ ದೋಷವಲ್ಲ. ಹೊರಗಿನ ಗಾಳಿ ಒಳನುಗ್ಗದಂತೆ ಪೈಪಿನ ಬುಡದಲ್ಲಿ ಹಗುರವಾದ ಎರಡು ಮುಚ್ಚಳಗಳಿರುತ್ತವೆ. ಆಷಾಢದ ಗಾಳಿ ಪಡುವಣದಿಂದ ಬೀಸಿ ಅವುಗಳನ್ನು ಎತ್ತಿ ಎತ್ತಿ ಬಡಿಯುತ್ತದೆ. ಪೈಪಿನ ಹೊರಬಾಯಿ ಪಶ್ಚಿಮಕ್ಕಿದ್ದರೆ ಅದಕ್ಕೆ ನೆಲದ ಕಡೆ ಮುಖ ಮಾಡುವ ಬಾಗುಕೊಳವೆಯನ್ನು ಜೋಡಿಸಿ, ಮುಚ್ಚಳಗಳ ಅಂಚಿಗೆ ತೆಳುವಾದ ಫೋಮ್ ಪಟ್ಟಿ ಅಂಟಿಸಿದರೆ ರಾತ್ರಿ ನಿದ್ದೆ ಬರುತ್ತದೆ. ಹೊರಬಾಯಿಗೆ ಅಗಲ ಕಣ್ಣಿನ ಜಾಲರಿಯನ್ನೂ ಹಾಕಿಸಿ. ಪೈಪಿನೊಳಗೆ ಹಕ್ಕಿ ಗೂಡು ಕಟ್ಟಿದ್ದರೆ ಮೊದಲ ಗರಗರಕ್ಕೂ ಅದೇ ಕಾರಣವಿರಬಹುದು, ಒಮ್ಮೆ ಬ್ಯಾಟರಿ ಬಿಟ್ಟು ನೋಡಿ.

ಗೂಡಿಲ್ಲದಿದ್ದರೆ ಜಿಡ್ಡನ್ನು ಅನುಮಾನಿಸಬೇಕು. ಆಟೋ ಕ್ಲೀನ್ ಎಂಬ ಹೆಸರನ್ನು ನಂಬಿ ಎರಡು ವರ್ಷ ಯಾರೂ ಒಳಗೆ ಇಣುಕಿರಲಾರರು. ಆ ಗುಂಡಿ ಒತ್ತಿದಾಗ ಒಳಗಿನ ಕಾಯಿಲ್ ಬಿಸಿಯಾಗಿ ಜಿಡ್ಡನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ ನಿಜ; ಆದರೆ ಬಹುದಿನ ಬಿಟ್ಟು ಗಟ್ಟಿಯಾದ ಜಿಡ್ಡು ಅಷ್ಟಕ್ಕೆ ಕರಗುವುದಿಲ್ಲ. ಬ್ಲೋವರಿನ ಎಲೆಗಳ ಮೇಲೆ ಅದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೂತಾಗ ಚಕ್ರದ ತೂಕ ತಪ್ಪಿ ಮೈಯೆಲ್ಲ ನಡುಗುತ್ತದೆ. ಪ್ಲಗ್ ತೆಗೆದು, ತಿಳಿದವರಿಂದ ಬ್ಲೋವರನ್ನು ಬಿಚ್ಚಿಸಿ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ನೆನೆಹಾಕಿ ತೊಳೆಸಿ. ಕಾಸ್ಟಿಕ್ ಸೋಡಾ ಬೇಡ. ಅಲ್ಯೂಮಿನಿಯಂ ಭಾಗಗಳನ್ನು ಅದು ತಿಂದುಹಾಕುತ್ತದೆ. ಗೋಡೆಯ ಸ್ಕ್ರೂಗಳು ಸಡಿಲವಾಗಿದ್ದರೆ ಅದೇ ದಿನ ಬಿಗಿ ಮಾಡಿಸಿ. ತೊಳೆದ ಮೇಲೆ ಬ್ಲೋವರನ್ನು ಕೈಯಿಂದ ತಿರುಗಿಸಿ ನೋಡಲಿ: ನುಣ್ಣಗೆ ತಿರುಗಿ ಮೆಲ್ಲಗೆ ನಿಂತರೆ ತಮ್ಮ ಚಿಮ್ನಿ ಇನ್ನೂ ಹಲವು ವರ್ಷ ಓಡುತ್ತದೆ, ತಿರುಗುವಾಗ ಬೆರಳಿಗೆ ಮರಳು ಉಜ್ಜಿದಂತೆ ತಿಳಿದರೆ ಬೇರಿಂಗ್ ಸವೆದಿದೆ ಎಂದರ್ಥ. ಆಗ ಮೋಟಾರನ್ನಷ್ಟೇ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ, ಅದು ಹೊಸ ಚಿಮ್ನಿಯ ಬೆಲೆಯ ಅರ್ಧವನ್ನು ದಾಟಿದರೆ ಮಾತ್ರ ಅಂಗಡಿಗೆ ಹೋಗಿ.